ಟೆರ್ರಾಕೋಟಾ ಅಂದರೆ ನಮ್ಮವ್ವನ ಹುರಮಂಜ

ಅಣ್ಣ ಪುಣೆಯಿಂದ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ್ದ. ಯಾರದೋ ಫ್ಲ್ಯಾಟಿನ ಹಾಲ್. ಮೂರು ಗೋಡೆ ಬೆಳ್ಳಗಿದ್ದವು. ಸೋಫಾದ ಹಿಂದಿನ ಗೋಡೆ ಮಾತ್ರ ಪೂರ್ತಿ ಕೆಂಪೂ ಅಲ್ಲ, ಕೇಸರಿಯೂ ಅಲ್ಲ, ಎರಡರ ನಡುವಿನ ಬಣ್ಣ. ಫೋಟೊದ ಕೆಳಗೆ ಬರೆದಿದ್ದ: "ಇದಕ್ಕ ಟೆರ್ರಾಕೋಟಾ ಅಂತಾರ. ಈಗ ಎಲ್ಲಾರೂ ಇದೇ ಕೇಳ್ಲಾಕತ್ತಾರ. ನಮ್ಮ ಪಡಸಾಲಿಗೂ ಇದೇ ಹಚ್ಚೋಣ."

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ಒರೆಸಿಕೊಂಡು ಫೋನನ್ನು ದೂರ ಹಿಡಿದು ನೋಡಿದಳು.

"ಇದು ಹುರಮಂಜ ಅಲ್ಲೇನ? ಇದಕ್ಕ ರೊಕ್ಕ ಕೊಡ್ತಾರಾ?"

ನಾನು ನಕ್ಕೆ. ಆಗ ನಗೋದು ಸುಲಭವಿತ್ತು. ಮುಂದೆ ಆ ಬಣ್ಣದಿಂದ ನಮ್ಮ ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ಯಾರೂ ನಗಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದೂ ನಮ್ಮಂಥ ಹಳೆಯ ಮನೆ ಆಗಿದ್ದರೆ ಉಪಯೋಗಕ್ಕೆ ಬಂದೀತು.

ನಮ್ಮದು ಅಫಜಲಪುರ ತಾಲ್ಲೂಕಿನ ಅತನೂರ. ಮನೆ ಅಜ್ಜನ ಕಾಲದ್ದು. ಕಲ್ಲು ಮತ್ತು ಮಣ್ಣಿನಲ್ಲಿ ಕಟ್ಟಿದ ಎರಡು ಅಡಿ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ್ ಫರಸಿ. ಒಂದು ಬಾಗಿಲು, ಒಂದು ಸಣ್ಣ ಕಿಟಕಿ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ನಾನು ಕಂಡಾಗಿನಿಂದ ಪಡಸಾಲೆಯ ಗೋಡೆಗೆ ಕೆಳಗೆ ಸೊಂಟದೆತ್ತರ ಹುರಮಂಜ, ಅದರ ಮೇಲೆ ಬಿಳಿ ಸುಣ್ಣ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಅವ್ವ ಹಚ್ಚುತ್ತಿದ್ದಳು. ಅದಕ್ಕೂ ಮೊದಲು ಆಯಿ ಹಚ್ಚುತ್ತಿದ್ದಳು. ಹಬ್ಬ ಮುಗಿದು ವಾರ ಕಳೆದರೂ ಅವ್ವನ ಉಗುರು ಕೆಂಪಗೇ ಇರುತ್ತಿದ್ದವು.

ಅಣ್ಣನಿಗೆ ಹೆಣ್ಣು ನೋಡುತ್ತಿದ್ದ ಕಾಲ ಅದು. ಒಂದು ಸಂಬಂಧ ಹತ್ತಿರ ಬಂದು ಮುರಿದಿತ್ತು. ಹುಡುಗಿ ಕಡೆಯವರು ನಮಗೆ ನೇರವಾಗಿ ಏನೂ ಹೇಳಲಿಲ್ಲ. ನಡುವಿದ್ದ ಹಿರಿಯರು ಅವ್ವನಿಗೆ ಮೆಲ್ಲಗೆ ಹೇಳಿದರು: "ಹುಡುಗ ಛಲೋ ಇದ್ದಾನ, ಮನಿ ಮಣ್ಣಿಂದದ ಅಂದ್ರಂತ." ಅವ್ವ ಆ ಮಾತನ್ನು ಮನೆಯಲ್ಲಿ ಒಂದೇ ಸಲ ಹೇಳಿದಳು. ಮತ್ತೆ ಹೇಳಲಿಲ್ಲ. ಆದರೆ ಸಂತೆಗೆ ಹೋಗಿ ಬರುವಾಗ ದಾರಿಯಲ್ಲಿ ಬಣ್ಣ ಹಚ್ಚಿದ ಮನೆಗಳ ಮುಂದೆ ನಿಂತು ನೋಡುವುದು ಶುರುವಾಯಿತು.

ಅಣ್ಣನ ಕಸುಬೇ ಪೇಂಟಿಂಗು. ಎಂಟು ವರ್ಷದಿಂದ ಪುಣೆಯಲ್ಲಿ ಫ್ಲ್ಯಾಟುಗಳಿಗೆ ಬಣ್ಣ ಹಚ್ಚುತ್ತಾನೆ. ಎಷ್ಟೋ ಮನೆಯ ಗೋಡೆಗೆ ಟೆರ್ರಾಕೋಟಾ ಹಚ್ಚಿದ್ದಾನೆ, ಅದರಲ್ಲಿ ತನ್ನ ಮನೆಯದು ಒಂದೂ ಇಲ್ಲ. 2024ರಲ್ಲಿ ಏಷ್ಯನ್ ಪೇಂಟ್ಸ್ ಕಂಪನಿ 'ಟೆರಾ' ಅನ್ನುವ ಮಣ್ಣಿನ ಬಣ್ಣವನ್ನೇ ಆ ವರ್ಷದ ಬಣ್ಣ ಅಂತ ಸಾರಿತ್ತು. ಎಲ್ಲ ಕಡೆ ಅದೇ ಮಾತು. ಟೆರ್ರಾಕೋಟಾ ಇಟಲಿಯವರ ಪದ, ಅರ್ಥ ಸುಟ್ಟ ಮಣ್ಣು. ಅಂದರೆ ಆವಿಗೆಯಿಂದ ಆಗಷ್ಟೇ ತೆಗೆದ ಹೊಸ ಗಡಿಗೆಯ ಬಣ್ಣ.

ಯುಗಾದಿ ಕಳೆದ ಮೇಲೆ ಅಣ್ಣ ಎಂಟು ದಿನದ ರಜೆ ಹಾಕಿ ಬಂದ. ಜೊತೆಗೆ ಪುಟ್ಟಿ, ಪ್ರೈಮರ್, ಎಮಲ್ಷನ್ ಬಣ್ಣ, ರೋಲರ್, ಉಜ್ಜುವ ಕಾಗದ. ಎಲ್ಲ ಸೇರಿ 9 ಸಾವಿರ ರೂಪಾಯಿ ದಾಟಿತ್ತು. ತೊಗರಿ ಮಾರಿದ ದುಡ್ಡಿನಲ್ಲಿ ಅವ್ವ ಅರ್ಧ ಕೊಟ್ಟಳು. ಬಣ್ಣ ಬೇಕು ಅಂತ ಎಲ್ಲರಿಗಿಂತ ಹೆಚ್ಚು ಹಟ ಹಿಡಿದವಳು ಅವ್ವನೇ. "ನನ್ನ ತೋಳು ಏಳವಲ್ದು. ವರ್ಷಕ್ಕ ಎರಡ ಸಲ ಗ್ವಾಡಿ ತಿಕ್ಕೋದು ಸಾಕಾಗ್ಯಾದ. ಒಮ್ಮೆ ಹಚ್ಚಿದ್ರ ಐದ ವರ್ಷ ನೋಡಂಗಿಲ್ಲ ಅಂತೀಯಲ್ಲ, ಹಚ್ಚು," ಅಂದಳು. ಹಳೇ ಪದ್ಧತಿ ಬಿಡಬಾರದು ಅಂತ ಅಳುವವರು ಇದನ್ನು ನೆನಪಿಡಬೇಕು. ಗೋಡೆ ತಿಕ್ಕುತ್ತಿದ್ದದ್ದು ಹೆಂಗಸರು, ಅವರ ತೋಳು.

ಒಂದು ಗೋಡೆಗಷ್ಟೇ ಹಚ್ಚಬೇಕು ಅಂತ ಅಣ್ಣ ಹೇಳಿದ. ಅವ್ವ ಒಪ್ಪಲಿಲ್ಲ. "ಉಳದ ಮೂರು ಗ್ವಾಡಿ ಏನ ಪಾಪ ಮಾಡ್ಯಾವು?" ನಾನೂ ಅವ್ವನ ಕಡೆ ಸೇರಿದೆ. ನಾಲ್ಕೂ ಗೋಡೆಯ ಹಳೆಯ ಸುಣ್ಣ, ಹುರಮಂಜ ಕೆರೆದು, ಸಂದಿಗೆ ಸಿಮೆಂಟ್ ತುಂಬಿ, ಪುಟ್ಟಿ ಎಳೆದು, ಪ್ರೈಮರ್ ಹಾಕಿ, ಮೇಲೆ ಎರಡು ಕೈ ಬಣ್ಣ. ಗೋಡೆ ಕನ್ನಡಿಯಂತೆ ನಯವಾಯಿತು. ಓಣಿಯವರೆಲ್ಲ ಬಂದು ಮುಟ್ಟಿ ಮುಟ್ಟಿ ನೋಡಿ ಹೋದರು.

ಮೊದಲ ಸಮಸ್ಯೆ ಅವತ್ತೇ ಮಧ್ಯಾಹ್ನ ಗೊತ್ತಾಯಿತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲೆ. ಬಿಳಿ ಸುಣ್ಣ ಬೆಳಕಿಂಡಿಯ ಬೆಳಕನ್ನು ಕೋಣೆ ತುಂಬ ಹಂಚುತ್ತಿತ್ತು. ದಟ್ಟ ಬಣ್ಣ ಅದನ್ನು ನುಂಗುತ್ತದೆ. ಪುಣೆಯ ಫ್ಲ್ಯಾಟಿನಲ್ಲಿ ಗೋಡೆಯಗಲ ಕಿಟಕಿ ಇರುತ್ತದೆ, ಅಲ್ಲಿ ನಡೆಯುತ್ತದೆ. ನಮ್ಮಲ್ಲಿ ಹಗಲು ಹನ್ನೆರಡಕ್ಕೆ ಬಲ್ಬು ಹಾಕಬೇಕಾಯಿತು. ಟ್ಯೂಬ್‌ಲೈಟಿನ ಬಿಳಿ ಬೆಳಕಿಗೆ ಆ ಚಂದದ ಬಣ್ಣ ರಾಡಿಯಂತೆ ಕಂಡಿತು. ಹಳದಿ ಬೆಳಕಿನ ಬಲ್ಬು ಹಾಕಿದ ಮೇಲೆಯೇ ಗಡಿಗೆಯ ಕಳೆ ಬಂದದ್ದು. ಶೇಡ್ ಕಾರ್ಡಿನ ಬೆರಳಗಲದ ಚೂರು ನೋಡಿ ಬಣ್ಣ ಆರಿಸಬೇಡಿ. ಎರಡಡಿ ಜಾಗಕ್ಕೆ ಹಚ್ಚಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ, ಮೂರು ಹೊತ್ತು ನೋಡಿ. ದಟ್ಟ ಬಣ್ಣ ಬೇಕಂದರೆ ಬಾಗಿಲಿಗೆ ಎದುರಿನ ಒಂದೇ ಗೋಡೆ ಸಾಕು. ಈ ಮಾತಿನಲ್ಲಿ ಅಣ್ಣನೇ ಸರಿ, ನಾವಿಬ್ಬರು ತಪ್ಪು.

ಆದರೂ ಕೆಲಸ ಆಯಿತು. ಜೇವರ್ಗಿ ತಾಲ್ಲೂಕಿನವರು ಮನೆ ನೋಡಲು ಬಂದರು. ಹುಡುಗಿಯ ಸೋದರಮಾವ ಗೋಡೆಯ ಮೇಲೆ ಕೈಯಾಡಿಸಿ, "ಸಿಟಿ ಮನಿ ಆದಂಗ ಆಗ್ಯಾದ," ಅಂದರು. ಅವ್ವನ ಮುಖ ನೋಡಬೇಕಿತ್ತು. ಮೇ ತಿಂಗಳಲ್ಲಿ ಮದುವೆ ಆಯಿತು. ಅಣ್ಣ ಪುಣೆಗೆ ಹೋದ. ಅಲ್ಲಿ ಖೋಲಿ ಸಿಗುವ ತನಕ ಅತ್ತಿಗೆ ನಮ್ಮಲ್ಲೇ ಇದ್ದಳು.

ಮಳೆ ಹಿಡಿದು ತಿಂಗಳಾಗಿರಬೇಕು. ನೆಲದ ಹತ್ತಿರ ಗೋಡೆಯ ಮೇಲೆ ಉಪ್ಪಿನಂಥ ಬಿಳಿ ಪುಡಿ ಕಾಣಿಸಿತು. ಒರೆಸಿದೆವು. ಮರುದಿನ ಮತ್ತೆ ಬಂತು. ಆಮೇಲೆ ಬಣ್ಣ ಹಪ್ಪಳದ ಹಾಗೆ ಉಬ್ಬತೊಡಗಿತು. ಬೆರಳು ತಾಗಿದರೆ ಅಂಗೈ ಅಗಲದ ಪದರ ಪುಟ್ಟಿ ಸಮೇತ ಕೈಗೆ ಬರುತ್ತಿತ್ತು. ಆಗಸ್ಟ್ ಮುಗಿಯುವಷ್ಟರಲ್ಲಿ ಕೆಳಗಿನ ಮೂರಡಿ ಗೋಡೆಗೆ ಕಜ್ಜಿ ಎದ್ದ ಹಾಗಾಗಿತ್ತು. ಹೊಸ ಸೊಸೆ ದಿನಾ ಬೆಳಿಗ್ಗೆ ಮೊದಲು ಮಾಡುವ ಕೆಲಸ ಉದುರಿದ ಬಣ್ಣ ಗುಡಿಸುವುದು. ಯಾವ ಗೋಡೆ ನೋಡಿ ಅವರು ಹೆಣ್ಣು ಕೊಟ್ಟಿದ್ದರೋ ಆ ಗೋಡೆ ಸೊಸೆಯ ಕೈಯಲ್ಲಿ ಮೊರ ತುಂಬಿ ತಿಪ್ಪೆಗೆ ಹೋಗುತ್ತಿತ್ತು. ಅವ್ವ ಅವಳ ಮುಖ ನೋಡಿ ಮಾತಾಡಲಿಕ್ಕೆ ಸಂಕೋಚಪಡುತ್ತಿದ್ದಳು.

ಅಣ್ಣನಿಗೆ ಫೋಟೊ ಕಳಿಸಿದೆ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ರಾತ್ರಿ ಫೋನು ಮಾಡಿದ. "ಮಂದಿ ಮನಿ ಗ್ವಾಡಿ ಎಲ್ಲಾ ನೆಟ್ಟಗವ. ನಮ್ಮ ಮನಿದೇ ಉದುರ್ತು. ಊರಾಗ ಯಾರಿಗೂ ಹೇಳಬ್ಯಾಡ," ಅಂದ. ಪೇಂಟರಿನ ಮನೆ ಗೋಡೆ ಉದುರಿತು ಅಂದರೆ ಊರು ಬಿಡುತ್ತದೆಯೇ? ಮರುದಿನ ಕಟ್ಟೆಯ ಮೇಲೆ ಅದೇ ಮಾತು.

ಕಾರಣ ಹೇಳಿದವರು ಊರ ಹಳೇ ಗೌಂಡಿ ಕಾಕಾ. ಬಂದವರು ಗೋಡೆಗೆ ಬೆರಳ ಗಣ್ಣಿನಿಂದ ಬಡಿದು ನೋಡಿದರು. ಅಲ್ಲಲ್ಲಿ ಪೊಳ್ಳು ಸದ್ದು. "ಗ್ವಾಡಿಗಿ ಉಸಿರು ಕಟ್ಟ್ಯಾದವ್ವಾ," ಅಂದರು. ಆಮೇಲೆ ಮೂಲೆಯಲ್ಲಿದ್ದ ನೀರಿನ ಗಡಿಗೆ ತೋರಿಸಿ ಕೇಳಿದರು: "ಇದರಾಗ ನೀರು ಯಾಕ ತಣ್ಣಗಿರ್ತಾವ?"

ಗಡಿಗೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಒಳಗಿನ ನೀರು ಅದರಿಂದ ಜಿನುಗಿ, ಹೊರಗೆ ಆವಿಯಾಗಿ ಹೋಗುತ್ತದೆ, ಹೋಗುವಾಗ ಬಿಸಿಯನ್ನೂ ಒಯ್ಯುತ್ತದೆ. ಗಡಿಗೆಯ ಹೊರಗೆ ಆಯಿಲ್ ಪೇಂಟ್ ಬಳಿದು ನೋಡಿ, ನೀರು ತಣ್ಣಗಾಗುವುದಿಲ್ಲ. ನಮ್ಮ ಕಲ್ಲು ಮಣ್ಣಿನ ಗೋಡೆಯೂ ಹಾಗೆಯೇ. ಹಳೆಯ ಮನೆಗಳ ಬುನಾದಿಯಲ್ಲಿ ತೇವ ತಡೆಯುವ ಸಿಮೆಂಟಿನ ಪಟ್ಟಿ ಇರುವುದಿಲ್ಲ. ಮಳೆಗಾಲದಲ್ಲಿ ನೆಲದ ತೇವ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಗೋಡೆಗೆ ಏರುತ್ತದೆ. ಮೇಲೆ ಸುಣ್ಣ ಇದ್ದರೆ ಅದರ ಮೂಲಕ ಮೆಲ್ಲಗೆ ಆರಿಹೋಗುತ್ತದೆ. ಪುಟ್ಟಿ, ಎಮಲ್ಷನ್ ಬಳಿದರೆ ಗೋಡೆಗೆ ಪ್ಲಾಸ್ಟಿಕ್ ಚೀಲ ಸುತ್ತಿದ ಹಾಗೆ. ತೇವ ಹೊರಬರಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ, ಅದರಲ್ಲಿ ಕರಗಿದ ಮಣ್ಣಿನ ಉಪ್ಪು ಬಣ್ಣದ ಹಿಂದೆ ಗಟ್ಟಿಯಾಗಿ, ಪದರವನ್ನು ಒಳಗಿನಿಂದ ಒದೆಯುತ್ತದೆ. ಸಂದಿಗೆ ತುಂಬಿದ ಸಿಮೆಂಟು ಅದನ್ನು ಇನ್ನೂ ಹೆಚ್ಚು ಮಾಡುತ್ತದೆ.

ಬಣ್ಣದ ಡಬ್ಬಿಯದು ತಪ್ಪಿಲ್ಲ, ಅಣ್ಣನ ಕೈಯದೂ ಅಲ್ಲ. ಆ ಬಣ್ಣ ಒಣ ಸಿಮೆಂಟ್ ಗೋಡೆಗೆ ಮಾಡಿದ್ದು. ಅಣ್ಣ ಎಂಟು ವರ್ಷ ಹಚ್ಚಿದ್ದೂ ಅಂಥ ಗೋಡೆಗೇ. ಮಣ್ಣಿನ ಗೋಡೆ ಅವನು ಹುಟ್ಟಿದ ಮನೆಯದು, ಆದರೆ ಅದಕ್ಕೆ ಅವನು ಯಾವತ್ತೂ ಕೈ ಹಚ್ಚಿರಲಿಲ್ಲ. ಅದು ಹೆಂಗಸರ ಕೆಲಸವಾಗಿತ್ತು.

ನಿಮ್ಮದು ಸಿಮೆಂಟ್ ಬ್ಲಾಕಿನ ಮನೆ, ಆರ್‌ಸಿಸಿ ಛಾವಣಿ, ಒಣ ಗೋಡೆ ಅಂದರೆ ಅಂಗಡಿಯ ಟೆರ್ರಾಕೋಟಾ ಧೈರ್ಯವಾಗಿ ಹಚ್ಚಿ. ಹೊಸ ಪ್ಲಾಸ್ಟರ್ ಇದ್ದರೆ ಕನಿಷ್ಠ ಒಂದು ತಿಂಗಳು ಆರಲು ಬಿಡಿ. ಆಯಿಲ್ ಪೇಂಟ್ ಕೊಳ್ಳುವುದಿದ್ದರೆ ಡಬ್ಬಿಯ ಮೇಲಿನ ತಾರೀಖು, ಸೀಸದ ಬಗ್ಗೆ ಬರೆದದ್ದು ಓದಿ. ಹಿಂದೆ ಹೊಳೆಯುವ ಹಳದಿ, ಕೇಸರಿ ಬಣ್ಣಗಳಿಗೆ ಸೀಸ ಸೇರಿಸುವುದಿತ್ತು. ಉದುರಿದ ಚೂರು ಬಾಯಿಗೆ ಹೋದರೆ ಮಕ್ಕಳ ಮಿದುಳಿಗೆ ಕೆಟ್ಟದ್ದು. 2017ರ ನವೆಂಬರ್ 1ರಿಂದ ಮನೆ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗಕ್ಕಿಂತ ಹೆಚ್ಚು ಇರಬಾರದು ಅಂತ ಕಾನೂನಿದೆ. ಹೆಸರಿಲ್ಲದ, ವಿವರ ಬರೆಯದ ಡಬ್ಬಿ ಮನೆಗೆ ತರಬೇಡಿ. ಹಳೆಯ ಆಯಿಲ್ ಪೇಂಟ್ ಕೆರೆಯುವಾಗ ಮಕ್ಕಳನ್ನು ದೂರ ಕಳಿಸಿ, ಸಣ್ಣ ಧೂಳು ತಡೆಯುವ ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ ಕೆರೆಯಿರಿ.

ನಮ್ಮ ಗೋಡೆಗೆ ಬರುತ್ತೇನೆ. ಆ ದೀಪಾವಳಿಗೆ ನಾವು ಏನೂ ಹಚ್ಚಲಿಲ್ಲ. ಗೌಂಡಿ ಕಾಕಾ ಹೇಳಿದಂತೆ ಬಣ್ಣ, ಪುಟ್ಟಿ, ಸಿಮೆಂಟು ಎಲ್ಲ ಕೆರೆದು ಗೋಡೆಯನ್ನು ಬರಿಮೈ ಬಿಟ್ಟೆವು. ಚಳಿಗಾಲ ಪೂರ್ತಿ ಅದು ಆರಿತು. ಸಂದಿಗಳಿಗೆ ಮಣ್ಣು, ಸುಣ್ಣ, ಹೊಟ್ಟು ಕಲಸಿ ಮೆತ್ತಿದೆವು. ಬಂದವರು "ಯಾಕ್ರಿ ಹಿಂಗ?" ಅಂತ ಕೇಳಿದರೆ ಅವ್ವ "ಗ್ವಾಡಿ ಒಣಗ್ಲಾಕತ್ತದ," ಅನ್ನುತ್ತಿದ್ದಳು. ನಾಚಿಕೆ ಹೋಗಿತ್ತು.

ಯುಗಾದಿಗೆ ಹದಿನೈದು ದಿನ ಇರುವಾಗ ಅವ್ವ ಹುರಮಂಜ ತರಿಸಿದಳು. ಆ ಪದ ಎಲ್ಲಿಂದ ಬಂತು ಅಂತ ನಾನು ಅವತ್ತೇ ಹುಡುಕಿದ್ದು. ಇರಾನಿನ ಹತ್ತಿರ ಸಮುದ್ರದಲ್ಲಿ ಹೊರ್ಮುಜ್ ಅನ್ನುವ ದ್ವೀಪ ಇದೆ. ಅಲ್ಲಿಯ ಮಣ್ಣು ರಕ್ತದಷ್ಟು ಕೆಂಪು. ಅಲ್ಲಿಂದ ಹಡಗಿನಲ್ಲಿ ಬರುತ್ತಿದ್ದ ಕೆಂಪು ಮಣ್ಣಿಗೆ ಊರಿನ ಹೆಸರೇ ಅಂಟಿತು. ಮರಾಠಿ, ಹಿಂದಿಯಲ್ಲೂ ಅದೇ ಹೆಸರಿನ ರೂಪಗಳಿವೆ. 1469ರ ಸುಮಾರಿಗೆ ಅಫನಾಸಿ ನಿಕಿತಿನ್ ಅನ್ನುವ ರಷ್ಯಾದ ವ್ಯಾಪಾರಿ ಅದೇ ಹೊರ್ಮುಜಿನಿಂದ ಒಂದು ಕುದುರೆ ಹಡಗಿಗೆ ಹತ್ತಿಸಿಕೊಂಡು ಬಂದು ನಮ್ಮ ಬೀದರ್ ತಲುಪಿದ್ದ, ಬಹಮನಿ ಅರಸರ ಕಾಲ ಅದು. ಅವ್ವನಿಗೆ ಇದನ್ನೆಲ್ಲ ಹೇಳಿದೆ. "ಕುದುರಿ ಬಂದ ದಾರಿಲೇ ಮಣ್ಣೂ ಬಂದದೇನು?" ಅಂದಳು. ಈಗ ಅಂಗಡಿಯಲ್ಲಿ ಸಿಗುವ ಪುಡಿ ಹೊರ್ಮುಜಿನದಲ್ಲ, ಹೆಸರು ಮಾತ್ರ ಉಳಿದಿದೆ.

ಈ ಮಣ್ಣಿಗೂ, ಇಟ್ಟಂಗಿಗೂ, ಗಡಿಗೆಗೂ ಕೆಂಪು ಬಂದದ್ದು ಒಂದೇ ವಸ್ತುವಿನಿಂದ. ಕಬ್ಬಿಣದ ತುಕ್ಕಿನಲ್ಲಿ ಇರುವಂಥದೇ ಕೆಂಪು ಅದು. ಬಿಸಿಲಿಗೆ ಮಾಸುವುದಿಲ್ಲ, ಸುಣ್ಣದ ಖಾರಕ್ಕೂ ಕೆಡುವುದಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಸಾವಿರಾರು ವರ್ಷದ ಹಿಂದಿನವರು ಕೆಂಪು ಮಣ್ಣಿನಿಂದ ಬರೆದ ಚಿತ್ರಗಳು ಇನ್ನೂ ಕಾಣುತ್ತವೆ.

ಈ ಸಲ ಗೋಡೆಯನ್ನು ಮೂರು ಭಾಗ ಮಾಡಿದೆವು. ನೆಲದಿಂದ ಸೊಂಟದೆತ್ತರಕ್ಕೆ ಹುರಮಂಜವನ್ನು ಅಂಟಿನ ನೀರಿನಲ್ಲಿ ಕಲಸಿ ದಟ್ಟವಾಗಿ ಹಚ್ಚಿದ್ದು. ಬಾಗಿಲಿಗೆ ಎದುರಿನ ಗೋಡೆಯಲ್ಲಿ ಅದರ ಮೇಲಕ್ಕೆ ಸುಣ್ಣದಲ್ಲಿ ಹುರಮಂಜ, ಸ್ವಲ್ಪ ಹಳದಿ ಮಣ್ಣಿನ ಪುಡಿ ಬೆರೆಸಿದ್ದು. ಉಳಿದ ಮೂರು ಗೋಡೆಯ ಮೇಲ್ಭಾಗ ಬರೀ ಬಿಳಿ ಸುಣ್ಣ. ಸುಣ್ಣಕ್ಕೆ ಬೆರೆಸಿದ ಕೆಂಪು ಹಸಿ ಇದ್ದಾಗ ದಟ್ಟ ಕಾಣುತ್ತದೆ, ಒಣಗಿದ ಮೇಲೆ ತೀರ ತಿಳಿಯಾಗುತ್ತದೆ. ಮೊದಲು ಒಂದು ಚೂರು ಹಚ್ಚಿ, ಒಣಗಿಸಿ ನೋಡಬೇಕು. ಗೋಡೆಗೆ ನೀರು ಚಿಮುಕಿಸಿಕೊಂಡು, ಹಾಲಿನಷ್ಟು ತೆಳ್ಳಗೆ ಮೂರು ಕೈ ಹಚ್ಚಬೇಕು. ದಪ್ಪ ಹಚ್ಚಿದರೆ ಸಿಬರು ಏಳುತ್ತದೆ. ಸುಣ್ಣದ ಕಲ್ಲು ನೆನೆಸುವಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣು ಹೋಗಬಹುದು. ಕನ್ನಡಕ, ರಬ್ಬರ್ ಕೈಗವಸು ಹಾಕಿಕೊಳ್ಳಿ. ನಮ್ಮ ಆಯಿ ಬರಿಗೈಲಿ ಮಾಡುತ್ತಿದ್ದಳು ಅನ್ನುವುದು ಕಾರಣವಾಗುವುದಿಲ್ಲ. ಅವಳ ಬೆರಳ ಸಂದಿಯ ಗಾಯ ನಾನು ನೋಡಿದ್ದೇನೆ.

ಹಚ್ಚುವವರು ಯಾರು ಅನ್ನುವ ಮಾತು ಬಂತು. ಅವ್ವ ಸೀರೆ ಸೆರಗು ಕಟ್ಟುತ್ತಿದ್ದಳು. ಅತ್ತಿಗೆ ಬುಟ್ಟಿ ಎತ್ತಿಕೊಂಡಳು. ನಾನು ಅಣ್ಣನಿಗೆ ಫೋನು ಮಾಡಿ ಒಂದೇ ಮಾತು ಕೇಳಿದೆ: "ಅಣ್ಣಾ, ಪುಣೆದಾಗ ದಿನಗೂಲಿಗಿ ಹಚ್ಚಿದ್ರ ಪೇಂಟರ್ ಕೆಲಸ, ಮನ್ಯಾಗ ಹಚ್ಚಿದ್ರ ಹೆಂಗಸರ ಕೆಲಸ, ಇದ್ಯಾವ ಲೆಕ್ಕ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ನಾಲ್ಕನೇ ದಿನ ಬಸ್ಸಿಳಿದ.

ಅವ್ವ ಹೊಸ್ತಿಲ ಮೇಲೆ ಕೂತು ಹೇಳುತ್ತಿದ್ದಳು, ಅವನು ಹಚ್ಚುತ್ತಿದ್ದ. ರೋಲರ್ ಬಿಟ್ಟು ಸುಣ್ಣದ ಕುಂಚ ಹಿಡಿದಿದ್ದ. "ಅಲ್ಲಿ ಬಿಟ್ಟೀದಿ ನೋಡು. ಇಷ್ಟು ದಪ್ಪ ಬ್ಯಾಡ. ಗ್ವಾಡಿ ಕುಡಿಲಿ, ಆಮ್ಯಾಲ ಎರಡನೇದು." ಎಂಟು ವರ್ಷದ ಪೇಂಟರು ಹೂಂ ಹೂಂ ಅನ್ನುತ್ತ ಕೇಳಿದ. ಅವನಿಗೂ ಒಂದು ವಿದ್ಯೆ ಗೊತ್ತಿತ್ತು. ಕೆಂಪಿಗೂ ಬಿಳಿಗೂ ನಡುವೆ ಟೇಪು ಹಚ್ಚಿ ಎಳೆದ ಗೆರೆ ಹಗ್ಗ ಹಿಡಿದಷ್ಟು ನೆಟ್ಟಗೆ ಬಂತು. ಅವ್ವನ ಗೆರೆ ಯಾವತ್ತೂ ಅಷ್ಟು ನೆಟ್ಟಗೆ ಇರಲಿಲ್ಲ. ಅವಳೇ ಒಪ್ಪಿಕೊಂಡಳು. ಎಲ್ಲ ಖರ್ಚು ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಆದರೆ ಅಣ್ಣನ ನಾಲ್ಕು ದಿನದ ಕೂಲಿ ಹೋಯಿತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬೂದು ಬಣ್ಣದ ಶಹಾಬಾದ್ ಫರಸಿಯ ಪಕ್ಕ ಆ ಕೆಂಪು ಎಷ್ಟು ಹೊಂದುತ್ತದೆ ಅಂತ ನನಗೆ ಆಗಲೇ ತಿಳಿದದ್ದು. ಫರಸಿಯೂ ಸುಣ್ಣದ ಕಲ್ಲೇ, ಸುಣ್ಣವೂ ಅಂಥ ಕಲ್ಲಿನದೇ. ಕೆಳಗಿನ ಪಟ್ಟಿ ಯಾಕೆ ಕೆಂಪು ಅನ್ನುವುದೂ ತಿಳಿಯಿತು. ನೆಲ ತೊಳೆದ ನೀರು ಸಿಡಿಯುವುದು, ಮಕ್ಕಳ ಕೈ ಹತ್ತುವುದು, ನೆಲದ ತೇವ ಏರುವುದು ಎಲ್ಲ ಅಲ್ಲಿಯೇ. ಕಲೆ ಕಾಣದ ಬಣ್ಣ ಅಲ್ಲಿಗೆ ಬೇಕು. ವರ್ಷಕ್ಕೊಮ್ಮೆ ಆ ಪಟ್ಟಿಗಷ್ಟೇ ಹಚ್ಚಿದರೆ ಸಾಕು.

ಇದರಲ್ಲಿ ತೊಂದರೆ ಇಲ್ಲ ಅಂತ ಹೇಳುವುದಿಲ್ಲ. ಪಟ್ಟಿಗೆ ಒರಗಿದರೆ ಅಂಗಿಗೆ ಕೆಂಪು ಹತ್ತುತ್ತದೆ. ಅದಕ್ಕೆ ಅತ್ತಿಗೆ ಕೂರುವ ಜಾಗದಲ್ಲಿ ಚಾಪೆ ನೇತುಹಾಕಿದ್ದಾಳೆ. ಒದ್ದೆ ಬಟ್ಟೆಯಿಂದ ಒರೆಸುವಂತಿಲ್ಲ. ಎಮಲ್ಷನ್ನಿನ ನುಣುಪು ಇದಕ್ಕಿಲ್ಲ.

ಒಂದು ಮಳೆಗಾಲ ಕಳೆಯಿತು. ಮಳೆ ಜೋರಿದ್ದ ದಿನಗಳಲ್ಲಿ ಅವ್ವ ಬೆಳಿಗ್ಗೆ ಎದ್ದ ಕೂಡಲೇ ಗೋಡೆಯ ಬುಡ ನೋಡುತ್ತಿದ್ದಳು. ತೇವ ಏರಿದಲ್ಲಿ ಬಣ್ಣ ಒಂದಿಷ್ಟು ಗಾಢವಾಗಿ ಕಂಡಿತು. ಬಿಸಿಲು ಬಂದ ಮೇಲೆ ಆರಿ ಮೊದಲಿನಂತಾಯಿತು. ಎರಡು ಕಡೆ ಅಂಗೈ ಅಗಲ ಪುಡಿ ಉದುರಿತ್ತು, ಅಷ್ಟೇ.

ದೀಪಾವಳಿಗೆ ಅಣ್ಣ ಎರಡು ದಿನ ಮೊದಲೇ ಬಂದು ಆ ಎರಡು ಜಾಗಕ್ಕೆ ಹುರಮಂಜ ಹಚ್ಚಿದ. ಅವ್ವ ಒಳಗೆ ಕರಿಗಡಬು ಕರಿಯುತ್ತಿದ್ದಳು. ಸಂಜೆ ದೀಪ ಹಚ್ಚುವಾಗ ಅತ್ತಿಗೆ ಗಂಡನ ಕೈ ನೋಡಿ ನಕ್ಕಳು. ಆ ಹಬ್ಬಕ್ಕೆ ಅವ್ವನ ಉಗುರು ಕೆಂಪಾಗಿರಲಿಲ್ಲ. ಅಣ್ಣನವು ಆಗಿದ್ದವು.